ಬಾಲಕರ ವೀಕ್ಷಣಾಲಯದ ಗೇಟು ದಾಟಿದ ಹುಡುಗ ಮಾರನೆಯ ಬೆಳಿಗ್ಗೆ ಎಲ್ಲಿಗೆ ಹೋಗಬೇಕು?

ಮಂಡಳಿಯ ಮಾಜಿ ಸದಸ್ಯೆ:

2024ರಲ್ಲಿ ಪುಣೆಯಲ್ಲಿ ಹದಿನೇಳರ ಹುಡುಗನೊಬ್ಬ ಪೋರ್ಷೆ ಕಾರು ಹರಿಸಿ ಇಬ್ಬರನ್ನು ಕೊಂದ ಆರೋಪದಲ್ಲಿ ಸಿಕ್ಕಿ, ಪ್ರಬಂಧ ಬರೆಯುವ ಷರತ್ತಿನ ಮೇಲೆ ಜಾಮೀನು ಪಡೆದನಲ್ಲ, ಆ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಒಂದು ಜಗಳ ಗ್ಯಾರಂಟಿ. "ನಿಮ್ಮ ಬಾಲನ್ಯಾಯ ಎಂದರೆ ಇಷ್ಟೇ ತಾನೆ? ಇಬ್ಬರ ಮೇಲೆ ಕಾರು ಹರಿಸು, ಮುನ್ನೂರು ಪದದ ಪ್ರಬಂಧ ಬರೆ, ಮನೆಗೆ ಹೋಗು" ಎಂದು ನಮ್ಮ ಭಾವ ಅನ್ನ ಕಲಸುತ್ತಲೇ ಶುರುಮಾಡುತ್ತಾರೆ. ನಾನು ಹದಿನೆಂಟು ತುಂಬದವರ ಪ್ರಕರಣಗಳನ್ನು ನೋಡುವ ಒಂದು ಜಿಲ್ಲೆಯ ಬಾಲನ್ಯಾಯ ಮಂಡಳಿಯಲ್ಲಿ ಮೂರು ವರ್ಷ ಸಮಾಜ ಕಾರ್ಯಕರ್ತೆಯ ಸ್ಥಾನದಲ್ಲಿ ಕುಳಿತಿದ್ದವಳು. ಹಾಗಾಗಿ ಆ ಮಾತು ನೇರವಾಗಿ ನನಗೇ ಬಂದು ತಾಗುತ್ತದೆ. ಅವರಿಗೆ ಅರ್ಧ ಉತ್ತರ ಕೊಟ್ಟು ಎದ್ದುಬಿಟ್ಟೆ. ಉಳಿದರ್ಧ ಇಲ್ಲಿದೆ.

ಮಂಡಳಿಯ ಕೋಣೆ ಕೋರ್ಟಿನ ಹಾಗೆ ಇರುವುದಿಲ್ಲ, ಇರಬಾರದು ಎಂದು ನಿಯಮವೇ ಇದೆ. ಎತ್ತರದ ಪೀಠವಿಲ್ಲ, ಕಟಕಟೆಯಿಲ್ಲ. ಒಂದು ಮೇಜು, ಅದರ ಹಿಂದೆ ಮ್ಯಾಜಿಸ್ಟ್ರೇಟರು, ಪಕ್ಕದಲ್ಲಿ ನಾವಿಬ್ಬರು ಸದಸ್ಯರು. ಹುಡುಗನನ್ನು ಕರೆತರುವ ಪೊಲೀಸರು ಸಮವಸ್ತ್ರದಲ್ಲಿ ಬರುವಂತಿಲ್ಲ, ಕೈಕೋಳ ಹಾಕುವಂತಿಲ್ಲ. ಇದೆಲ್ಲ ನಮ್ಮಲ್ಲಿ ಸರಿಯಾಗಿಯೇ ನಡೆಯುತ್ತಿತ್ತು. ಪೊಲೀಸರು ಅಂಗಿ ಬದಲಿಸಿದರೂ ಬೂಟು ಬದಲಿಸುತ್ತಿರಲಿಲ್ಲ, ಅಷ್ಟೇ. ಹುಡುಗರು ಒಳಗೆ ಬಂದವರೇ ಮೊದಲು ನೋಡುತ್ತಿದ್ದದ್ದು ಆ ಕಂದು ಬೂಟುಗಳನ್ನು.

ಕೆಟ್ಟದ್ದು ಕಾಗದದಲ್ಲಿ. ಪ್ರತಿ ಮಗುವಿನ ಮನೆಗೆ ಹೋಗಿ, ನೆರೆಹೊರೆಯವರನ್ನು ಮಾತನಾಡಿಸಿ, ಶಾಲೆಯನ್ನು ವಿಚಾರಿಸಿ ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಒಂದು ಸಾಮಾಜಿಕ ತನಿಖಾ ವರದಿ ಕೊಡಬೇಕು. ನಮ್ಮ ತೀರ್ಮಾನವೆಲ್ಲ ಅದರ ಮೇಲೆಯೇ ನಿಲ್ಲುವುದು. ನಮ್ಮ ಅಧಿಕಾರಿಯ ತಲೆಯ ಮೇಲೆ ಅದಲ್ಲದೆ ಇನ್ನೂ ಎರಡು ಹುದ್ದೆಗಳ ಹೊರೆ ಇತ್ತು. ಹಾಗಾಗಿ ಎಲ್ಲ ವರದಿಗಳಲ್ಲೂ ಒಂದೇ ಸಾಲು: "ಬಡತನ ಹಾಗೂ ಸಹವಾಸ ದೋಷದಿಂದ." ಒಮ್ಮೆ ಒಬ್ಬ ಹುಡುಗನ ವರದಿಯಲ್ಲಿ "ತಂದೆ ಗಾರೆ ಕೆಲಸ ಮಾಡುತ್ತಾರೆ, ಮಗನ ಮೇಲೆ ನಿಗಾ ಇಡಲು ಒಪ್ಪಿದ್ದಾರೆ" ಎಂದಿತ್ತು. ಹುಡುಗನ ತಂದೆ ತೀರಿಕೊಂಡು ಆರು ವರ್ಷವಾಗಿತ್ತು. ಹಿಂದಿನ ಯಾರದೋ ವರದಿಯಲ್ಲಿ ಹೆಸರಷ್ಟನ್ನೇ ತಿದ್ದಿ ಕಳಿಸಿದ್ದರು. ಅವನ ತಾಯಿ ನನ್ನೆದುರೇ ನಿಂತಿದ್ದರು, ಬರಿದಾದ ಹಣೆಯಲ್ಲಿ.

ಸೆರೆಮನೆಗಿಂತ ಸುಧಾರಣೆ ಮೇಲು ಎಂದು ಕಾನೂನು ಈಗಾಗಲೇ ಹೇಳುತ್ತದೆ. ಮಗುವನ್ನು ಸಂಸ್ಥೆಯಲ್ಲಿಡುವುದು ಕಟ್ಟಕಡೆಯ ದಾರಿ ಎಂಬುದು 2015ರ ಬಾಲನ್ಯಾಯ ಕಾಯ್ದೆಯ ಮೂರನೆಯ ಕಲಮಿನಲ್ಲೇ ಇದೆ. ಬುದ್ಧಿಮಾತು, ಆಪ್ತಸಮಾಲೋಚನೆ, ಸಮುದಾಯ ಸೇವೆ, ಪರಿವೀಕ್ಷಣೆ, ಕೊನೆಗೆ ಹೆಚ್ಚೆಂದರೆ ಮೂರು ವರ್ಷ ವಿಶೇಷ ಗೃಹ. ಇವಿಷ್ಟೂ ನಮ್ಮ ಕೈಯಲ್ಲಿದ್ದವು. ಆದರೆ "ಸಮುದಾಯ ಸೇವೆ" ಎಂದು ಬರೆಯುವಾಗ ಅದನ್ನು ಮಾಡಿಸುವವರು ಯಾರು ಎಂಬಲ್ಲಿ ಪೆನ್ನು ನಿಲ್ಲುತ್ತಿತ್ತು. ಕಾನೂನು ತೀರ ಮೆತ್ತಗಾಗಿದೆ ಎನ್ನುವ ಭಾವನಿಗೂ, ಇನ್ನಷ್ಟು ಕರುಣೆ ಬೇಕು ಎನ್ನುವ ನನ್ನ ಗೆಳತಿಯರಿಗೂ ಕೇಳುವುದು ಒಂದನ್ನೇ. ಹುಡುಗ ಹೊರಗೆ ಬಂದ. ಮಾರನೆಯ ಬೆಳಿಗ್ಗೆ ಎಲ್ಲಿಗೆ ಹೋಗಬೇಕು?

ಇಬ್ಬರು ಹೆಣ್ಣುಮಕ್ಕಳ ತಂದೆ:

ಮೇಡಂ, ನಿಮ್ಮ ಅನುಭವದ ಬಗ್ಗೆ ಗೌರವವಿದೆ. ಆದರೂ ನಾನು ನಿಮ್ಮ ಭಾವನ ಕಡೆ. 2012ರ ಡಿಸೆಂಬರ್ 16ರಂದು ದೆಹಲಿಯ ಬಸ್ಸಿನಲ್ಲಿ ನಡೆದದ್ದನ್ನು, ಆ ನಿರ್ಭಯಾ ಪ್ರಕರಣವನ್ನು ಮರೆಯಲು ನನ್ನಿಂದ ಆಗುವುದಿಲ್ಲ. ಆರು ಜನರಲ್ಲಿ ಒಬ್ಬನಿಗೆ ಹದಿನೆಂಟು ತುಂಬಲು ಕೆಲವು ತಿಂಗಳು ಬಾಕಿ ಇತ್ತು ಎಂಬ ಒಂದೇ ಕಾರಣಕ್ಕೆ ಮೂರು ವರ್ಷ ಕಳೆದು ಹೊರಗೆ ಬಂದ. ಅವನಿಗೆ ₹10,000 ಮತ್ತು ಒಂದು ಹೊಲಿಗೆ ಯಂತ್ರ ಕೊಡುವ ಯೋಜನೆಯನ್ನು ಅಲ್ಲಿನ ಸರ್ಕಾರ ಹಾಕಿಕೊಂಡಿತ್ತು. ಆ ಹುಡುಗಿಯ ತಾಯಿಗೆ ಏನನ್ನಿಸಿರಬೇಕು? ತಿಳಿವಳಿಕೆ ಬರುವುದು ಹುಟ್ಟುಹಬ್ಬದ ದಿನವೇ?

ಕ್ರಿಮಿನಲ್ ವಕೀಲ, ಇಪ್ಪತ್ತು ವರ್ಷದ ವೃತ್ತಿ:

ನಿಮ್ಮ ಸಿಟ್ಟಿನಿಂದಲೇ ಈಗಿನ ಕಾನೂನು ಹುಟ್ಟಿದ್ದು ಸರ್. ಅವನು ಬಿಡುಗಡೆಯಾದದ್ದು 2015ರ ಡಿಸೆಂಬರ್ 20ರಂದು. ತಿಂಗಳುಗಟ್ಟಲೆ ರಾಜ್ಯಸಭೆಯಲ್ಲಿ ಕೊಳೆಯುತ್ತಿದ್ದ ಮಸೂದೆ ಎರಡೇ ದಿನಕ್ಕೆ, ಅಂದರೆ 22ರಂದು ಪಾಸಾಯಿತು. 2016ರ ಜನವರಿ 15ರಿಂದ ಜಾರಿ. 16ರಿಂದ 18ರೊಳಗಿನವರು ಘೋರ ಅಪರಾಧ ಮಾಡಿದ ಆರೋಪವಿದ್ದರೆ ಮಂಡಳಿ ಮೂರು ತಿಂಗಳೊಳಗೆ ಪ್ರಾಥಮಿಕ ಮೌಲ್ಯಮಾಪನ ನಡೆಸಿ, ವಯಸ್ಕನಂತೆ ವಿಚಾರಣೆ ಮಾಡಲು ಮಕ್ಕಳ ನ್ಯಾಯಾಲಯಕ್ಕೆ ಒಪ್ಪಿಸಬಹುದು. ಅಂದರೆ ಹದಿನೆಂಟರ ಗೆರೆ ಈಗ ನೀವು ತಿಳಿದಷ್ಟು ಗಟ್ಟಿಯಾಗಿಲ್ಲ.

ಆ ಗೆರೆಯೂ ಹಿಂದಿನಿಂದ ಹಾಗೆಯೇ ಬಂದದ್ದಲ್ಲ. 1986ರ ಕಾಯ್ದೆಯಲ್ಲಿ ಹುಡುಗರಿಗೆ 16, ಹುಡುಗಿಯರಿಗೆ 18 ಇತ್ತು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಸೇರಿದ ಮೇಲೆ, 2000ದ ಕಾಯ್ದೆಯಲ್ಲಿ ಇಬ್ಬರಿಗೂ 18 ಆಯಿತು.

ಈಗ ತಮಾಷೆ ಕೇಳಿ. ತಮಾಷೆ ಎನ್ನಬಾರದು, ಆದರೂ. "ಘೋರ" ಎಂದರೆ ಕನಿಷ್ಠ ಏಳು ವರ್ಷ ಶಿಕ್ಷೆ ಇರುವ ಅಪರಾಧ. ಪುಣೆಯ ಪ್ರಕರಣದ ಪ್ರಮುಖ ಕಲಂ, ಕೊಲೆಯಲ್ಲದ ನರಹತ್ಯೆಗೆ, ಗರಿಷ್ಠ ಶಿಕ್ಷೆ ದೊಡ್ಡದು. ಕನಿಷ್ಠ ಎಂಬುದು ಇಲ್ಲ. ಕನಿಷ್ಠ ಇಲ್ಲದ ಅಪರಾಧವನ್ನು ಘೋರ ಎನ್ನಲಾಗದು ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲೇ ಹೇಳಿತ್ತು, ಅದೂ ದೆಹಲಿಯಲ್ಲಿ ಹದಿಹರೆಯದವನೊಬ್ಬ ಮರ್ಸಿಡಿಸ್ ಓಡಿಸಿ ಒಬ್ಬರನ್ನು ಕೊಂದ ಪ್ರಕರಣದಲ್ಲಿ. 2025ರ ಜುಲೈನಲ್ಲಿ ಪುಣೆಯ ಮಂಡಳಿಯೂ ಹುಡುಗನನ್ನು ವಯಸ್ಕನೆಂದು ವಿಚಾರಿಸಬೇಕೆಂಬ ಪೊಲೀಸರ ಕೋರಿಕೆಯನ್ನು ತಳ್ಳಿಹಾಕಿತು.

ಅದೇ ಹೊತ್ತಿಗೆ, ಪಿಯುಸಿ ಓದುವ ಹದಿನೇಳರ ಹುಡುಗ ಹದಿನೇಳರ ಹುಡುಗಿಯ ಜೊತೆ ಪ್ರೀತಿಸಿ ಓಡಿಹೋದ ಎನ್ನಿ. ಹುಡುಗಿಯ ಅಪ್ಪ ದೂರು ಕೊಡುತ್ತಾರೆ, ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೊ ಕಾಯ್ದೆ ಬೀಳುತ್ತದೆ, ಅಲ್ಲಿ ಕನಿಷ್ಠವೇ ಹತ್ತು ವರ್ಷ. ಅವನು ಘೋರ ಅಪರಾಧಿಗಳ ಸಾಲಿನಲ್ಲಿ! ನಿರ್ಭಯಾ ಪ್ರಕರಣದಂಥವರಿಗೆಂದು ಹೆಣೆದ ಬಲೆ ಇದು. ನನ್ನ ಕಚೇರಿಗೆ ಬರುವ ಬಾಲನ್ಯಾಯದ ಕಡತಗಳಲ್ಲಿ ಇಂಥ ಪ್ರೇಮಿಗಳೇ ಹೆಚ್ಚು. 2022ರಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ ಈ ಸಮಸ್ಯೆಯನ್ನು ಗಮನಿಸಿ, ಲೈಂಗಿಕ ಸಂಬಂಧಕ್ಕೆ ಸಮ್ಮತಿಯ ವಯಸ್ಸಿನ ಬಗ್ಗೆ ಮರುಯೋಚಿಸಿ ಎಂದು ಕಾನೂನು ಆಯೋಗಕ್ಕೆ ಹೇಳಿತು. ಮರುವರ್ಷ ಆಯೋಗವು ವಯಸ್ಸನ್ನು ಇಳಿಸುವುದು ಬೇಡ ಎಂದೇ ವರದಿ ಕೊಟ್ಟಿತು, 16ರಿಂದ 18ರ ನಡುವಿನ ಪ್ರಕರಣಗಳಲ್ಲಿ ನ್ಯಾಯಾಧೀಶರಿಗೆ ಸ್ವಲ್ಪ ವಿವೇಚನೆ ಇರಲಿ ಎಂದಿತು. ಹುಡುಗ ಮಾತ್ರ ಇನ್ನೂ ತಾರೀಖಿಗೆ ಅಲೆಯುತ್ತಿದ್ದಾನೆ.

ಇಬ್ಬರು ಹೆಣ್ಣುಮಕ್ಕಳ ತಂದೆ:

ಈ ಓಡಿಹೋದವರ ವಿಷಯ ನನಗೆ ಗೊತ್ತಿರಲಿಲ್ಲ. ಹೆಣ್ಣುಮಕ್ಕಳ ತಂದೆಯಾಗಿ ಆ ದೂರು ಕೊಡುವ ಅಪ್ಪನೂ ನಾನೇ ಆಗಬಹುದು ಎನ್ನಿಸಿ ಸ್ವಲ್ಪ ಕಸಿವಿಸಿಯಾಯಿತು. ಆದರೂ ಶ್ರೀಮಂತರ ಮಗ ತಪ್ಪಿಸಿಕೊಳ್ಳುತ್ತಾನೆ ಎಂದೇ ನನ್ನ ಮಾತು. ಪುಣೆಯಲ್ಲಿ ಹುಡುಗ ಕುಡಿದಿದ್ದು ಗೊತ್ತಾಗದಂತೆ ರಕ್ತದ ಮಾದರಿಯನ್ನೇ ಬದಲಿಸಿದರು ಎಂಬ ಆರೋಪದಲ್ಲಿ ಅಪ್ಪ ಅಮ್ಮ, ವೈದ್ಯರು ಬಂಧನಕ್ಕೊಳಗಾದರಲ್ಲ.

ಕ್ರಿಮಿನಲ್ ವಕೀಲ, ಇಪ್ಪತ್ತು ವರ್ಷದ ವೃತ್ತಿ:

ಆ ಆರೋಪ ದೊಡ್ಡವರ ಮೇಲಿನದು, ಅವರಿಗೆ ದೊಡ್ಡವರ ಕೋರ್ಟೇ ಇದೆ. ಹುಡುಗನಿಗೆ ಜಾಮೀನು ಕೊಟ್ಟದ್ದು ತಪ್ಪಲ್ಲ. ಮಕ್ಕಳಿಗೆ ಜಾಮೀನು ಕೊಡುವುದೇ ನಿಯಮ, ನಿರಾಕರಿಸಲು ಮೂರೇ ಕಾರಣ: ಪಾತಕಿಗಳ ಸಹವಾಸಕ್ಕೆ ಬೀಳುವ ಭಯ, ಮಗುವಿಗೇ ಅಪಾಯ, ನ್ಯಾಯದ ಉದ್ದೇಶವೇ ಕೆಡುವುದು. ನಗೆಪಾಟಲಾದದ್ದು ಪ್ರಬಂಧದ ಷರತ್ತು. ಸಂಚಾರ ಪೊಲೀಸರ ಜೊತೆ ಹದಿನೈದು ದಿನ ಕೆಲಸ ಮಾಡು ಎಂಬ ಷರತ್ತೂ ಅದೇ ಆದೇಶದಲ್ಲಿತ್ತು, ಅದು ಯಾರಿಗೂ ನೆನಪಿಲ್ಲ.

ನಿವೃತ್ತ ಪಿಎಸ್‌ಐ:

ನಾನು ಪೊಲೀಸರ ಕಡೆಯಿಂದ ಹೇಳುತ್ತೇನೆ, ಬೈಯುವವರು ಬೈಯಿರಿ.

ಸರಗಳ್ಳತನ, ಗಾಂಜಾ ಸಾಗಣೆ, ಇವುಗಳಲ್ಲಿ ಹುಡುಗರನ್ನು ಮುಂದೆ ಬಿಡುವುದು ದೊಡ್ಡವರ ಲೆಕ್ಕಾಚಾರ. "ಸಿಕ್ಕಿಬಿದ್ದರೆ ನಿನಗೆ ಏನೂ ಆಗುವುದಿಲ್ಲ" ಎಂದು ಹೇಳಿಯೇ ಕಳಿಸುತ್ತಾರೆ. ಅಂಥ ದೊಡ್ಡವನಿಗೆ ಬಾಲನ್ಯಾಯ ಕಾಯ್ದೆಯ 83ನೇ ಕಲಮಿನಲ್ಲಿ ಏಳು ವರ್ಷದವರೆಗೆ ಕಠಿಣ ಸಜೆ ಮತ್ತು ಐದು ಲಕ್ಷ ದಂಡ ಇದೆ. ಈಗಿನ ಭಾರತೀಯ ನ್ಯಾಯ ಸಂಹಿತೆಯ 95ರಲ್ಲೂ ಮೂರರಿಂದ ಹತ್ತು ವರ್ಷ ಇದೆ. ನನ್ನ ಸೇವಾವಧಿಯಲ್ಲಿ ಆ 83ನ್ನು ಹಾಕಿದ್ದು ಒಂದೇ ಸಲ. ಹುಡುಗ ಬಾಯಿ ಬಿಡಬೇಕು, ಅವನ ಹೇಳಿಕೆಗೆ ತಕ್ಕ ಸಾಕ್ಷಿ ಬೇಕು, ಅಷ್ಟರಲ್ಲಿ ಮೇಲಿನಿಂದ "ಪ್ರಕರಣ ಪತ್ತೆಯಾಯಿತೇ?" ಎಂದು ಫೋನು. ಹುಡುಗ ಸಿಕ್ಕ, ಸರ ಸಿಕ್ಕಿತು, ಪತ್ತೆಯಾಯಿತು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಹದಿನೇಳರ ಹುಡುಗನಿಗೆ ವಯಸ್ಸು 19 ಎಂದು ಬರೆದುಬಿಡುವುದಿತ್ತು. ಮಂಡಳಿಗೆ ಕರೆದೊಯ್ಯುವುದು, ಲಾಕಪ್ಪಿನಲ್ಲಿ ಇಡದೆ ಬೇರೆಡೆ ಇರಿಸುವುದು, ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯನ್ನು ಹುಡುಕುವುದು, ಇಷ್ಟೆಲ್ಲ ತಪ್ಪುತ್ತಿತ್ತು. ನಾನೂ ಬರೆದಿದ್ದೇನೆ. ಮೀಸೆ ಬಂದಿತ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಕ್ರಿಮಿನಲ್ ವಕೀಲ, ಇಪ್ಪತ್ತು ವರ್ಷದ ವೃತ್ತಿ:

ಸಾಹೇಬರೇ, ಒಪ್ಪಿಕೊಂಡಿದ್ದಕ್ಕೆ ಧನ್ಯವಾದ. ಆ ಎರಡಂಕಿಯಿಂದ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 1994ರ ಪುಣೆಯ ಕೊಲೆ ಪ್ರಕರಣವೊಂದರಲ್ಲಿ ಗಲ್ಲು ಶಿಕ್ಷೆಯಾಗಿದ್ದ ವ್ಯಕ್ತಿಗೆ ಅಪರಾಧದ ದಿನ ಹನ್ನೆರಡೂವರೆ ವರ್ಷ ಎಂದು ಸುಪ್ರೀಂ ಕೋರ್ಟ್ 2023ರ ಮಾರ್ಚಿನಲ್ಲಿ ಒಪ್ಪಿತು. ಅಷ್ಟರಲ್ಲಿ ಅವರು 28 ವರ್ಷ ಜೈಲಿನಲ್ಲಿ ಕಳೆದಿದ್ದರು. ಸಾಕ್ಷ್ಯವಾದದ್ದು ರಾಜಸ್ಥಾನದ ಒಂದು ಶಾಲೆಯ ದಾಖಲಾತಿ ಪುಸ್ತಕ. ವಯಸ್ಸಿನ ವಾದವನ್ನು ಯಾವ ಹಂತದಲ್ಲಾದರೂ, ತೀರ್ಪು ಅಂತಿಮವಾದ ಮೇಲೂ ಎತ್ತಬಹುದು ಎಂದು ಕಾನೂನು ಬಿಟ್ಟಿರುವ ಬಾಗಿಲಿನಿಂದ ಅವರು ಹೊರಬಂದರು. ಮೊದಲು ಶಾಲೆಯ ಅಥವಾ ಎಸ್‌ಎಸ್‌ಎಲ್‌ಸಿ ದಾಖಲೆ, ಅದಿಲ್ಲದಿದ್ದರೆ ಪಂಚಾಯಿತಿಯ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಮೀಸೆ ಈ ಪಟ್ಟಿಯಲ್ಲಿ ಇಲ್ಲ.

ಲೆಕ್ಕಪತ್ರದವ:

ನಡುವೆ ಬಾಯಿ ಹಾಕುತ್ತೇನೆ. ಮಕ್ಕಳ ಅಪರಾಧ ಎಲ್ಲೆ ಮೀರಿದೆ ಎಂದು ದಿನವೂ ಕೇಳುತ್ತೇವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2021ರಲ್ಲಿ ದೇಶದಾದ್ಯಂತ ಬಾಲಾಪರಾಧದ ಪ್ರಕರಣಗಳು 31,170. 2022ರಲ್ಲಿ 30,555. 2023ರಲ್ಲಿ 31,365. ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ. 2022ರಲ್ಲಿ ಎಲ್ಲ ಬಗೆಯ ಅಪರಾಧಗಳು ಒಟ್ಟು 58 ಲಕ್ಷಕ್ಕೂ ಮೇಲೆ. ಅದರಲ್ಲಿ ಮಕ್ಕಳ ಪಾಲು ನೂರಕ್ಕೆ ಅರ್ಧ. ಸಿಕ್ಕಿಬಿದ್ದವರಲ್ಲಿ ಐದಕ್ಕೆ ನಾಲ್ವರು 16ರಿಂದ 18ರ ನಡುವಿನವರು ಎಂಬುದನ್ನೂ ಹೇಳದಿದ್ದರೆ ನಾನು ಒಂದೇ ಕಡೆಯ ಲೆಕ್ಕ ಕೊಟ್ಟಂತಾಗುತ್ತದೆ.

ಪ್ರೌಢಶಾಲೆಯ ಶಿಕ್ಷಕಿ:

ಮಾಜಿ ಸದಸ್ಯೆಯವರ ಪ್ರಶ್ನೆಗೆ ನನ್ನ ಮಟ್ಟದ ಉತ್ತರ: ಶಾಲೆಗೆ. ಆದರೆ ಬರಲು ಬಿಡುವುದಿಲ್ಲ.

ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಸಿಗುವ ಯಾವ ವಿವರವನ್ನೂ ಪ್ರಕಟಿಸುವಂತಿಲ್ಲ. ನಮ್ಮ ಶಾಲೆಯ ಹುಡುಗನೊಬ್ಬನ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಹೆಸರು ಇರಲಿಲ್ಲ, ನಿಜ. ಊರಿನ ಹೆಸರು, "ಹತ್ತನೇ ತರಗತಿ ವಿದ್ಯಾರ್ಥಿ", ತಂದೆಯ ಕಸುಬು, ಇಷ್ಟು ಇತ್ತು. ನಮ್ಮೂರಿನಲ್ಲಿ ಆ ಕಸುಬಿನವರದು ಎರಡೇ ಮನೆ, ಒಂದರಲ್ಲಿ ಹೆಣ್ಣುಮಕ್ಕಳು. ಎರಡು ತಿಂಗಳ ಮೇಲೆ ಹುಡುಗ ಶಾಲೆಗೆ ಬಂದಾಗ ಮುಖ್ಯೋಪಾಧ್ಯಾಯರು ತಾಯಿಯನ್ನು ಕರೆದು, "ಟಿಸಿ ತೆಗೆದುಕೊಂಡರೆ ಎಲ್ಲರಿಗೂ ಒಳ್ಳೆಯದು" ಎಂದರು. ಕಾನೂನಿನಲ್ಲಿ ಹಾಗೆ ಹೇಳುವ ಹಕ್ಕು ಅವರಿಗಿಲ್ಲ. ಆದರೆ ತಾಯಿ ಆಗಲೇ ಬಾಗಿಲ ಕಡೆ ತಿರುಗಿದ್ದರು, ಇಲ್ಲ ಎನ್ನಿಸಿಕೊಂಡೇ ಅಭ್ಯಾಸವಾದವರ ಹಾಗೆ.

ಕೊನೆಗೆ ಅವನು ಖಾಸಗಿ ಅಭ್ಯರ್ಥಿಯಾಗಿ ಎಸ್‌ಎಸ್‌ಎಲ್‌ಸಿ ಕಟ್ಟಿದ. ಗಣಿತ ಹೋಯಿತು, ಪೂರಕ ಪರೀಕ್ಷೆಯಲ್ಲಿ ಬಂತು. ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬಂದು ಪ್ರಮೇಯ ಬಿಡಿಸುತ್ತಿದ್ದ. ಎದುರುಮನೆಯವರು ನನ್ನ ಗಂಡನಿಗೆ, "ಮೇಡಂ ಯಾಕೆ ಇಂಥವರನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಾರೆ?" ಎಂದರಂತೆ. ಗಂಡ ನನ್ನನ್ನು ಏನೂ ಕೇಳಲಿಲ್ಲ, ಆದರೆ ಆಮೇಲೆ ಪ್ರತಿ ಭಾನುವಾರ ಹಜಾರದಲ್ಲೇ ಪೇಪರ್ ಹಿಡಿದು ಕೂರುತ್ತಿದ್ದರು. ಯಾರನ್ನು ಕಾಯುತ್ತಿದ್ದರೋ, ನನ್ನನ್ನೋ ಅವನನ್ನೋ, ನಾನೂ ಕೇಳಲಿಲ್ಲ.

ಬೈಕ್ ಗ್ಯಾರೇಜಿನವ:

ನಾನು ಓದಿದ್ದು ಕಡಿಮೆ, ತಪ್ಪಿದ್ದರೆ ತಿದ್ದಿ. ನಾಲ್ಕು ವರ್ಷದ ಹಿಂದೆ ಒಬ್ಬ ಹುಡುಗನನ್ನು ಪರಿಚಯದವರೊಬ್ಬರು ಕರೆತಂದರು. ಹದಿನೆಂಟು ತುಂಬಿದ ಮೇಲೆಯೇ ಬಂದದ್ದು, ಆಧಾರ್ ನೋಡಿದ್ದೇನೆ. ಒಳಗಿದ್ದಾಗ ಅಲ್ಲಿ ದ್ವಿಚಕ್ರ ವಾಹನ ರಿಪೇರಿ ಕಲಿಸಿದ್ದಾರೆ, ಸರ್ಟಿಫಿಕೇಟೂ ಇದೆ ಎಂದರು. ಮೊದಲ ದಿನ ಹತ್ತು-ಹನ್ನೊಂದರ ಪಾನಾ ಕೊಡು ಎಂದೆ. ಹನ್ನೆರಡು-ಹದಿಮೂರು ತಂದುಕೊಟ್ಟ. ಕಾರ್ಬ್ಯುರೇಟರ್ ಬಿಚ್ಚು ಎಂದರೆ ಎಂಜಿನ್ ಬಿಚ್ಚಲು ಕುಳಿತ. ಅಲ್ಲಿ ಒಂದೇ ಹಳೆಯ ಸ್ಕೂಟರ್ ಇತ್ತಂತೆ, ಅದನ್ನೇ ಮೂವತ್ತು ಹುಡುಗರು ಸರದಿಯಲ್ಲಿ ಬಿಚ್ಚಿ ಜೋಡಿಸುತ್ತಿದ್ದರಂತೆ. ಈಗ ಬರುವ ಗಾಡಿಗಳೆಲ್ಲ ಫ್ಯೂಯಲ್ ಇಂಜೆಕ್ಷನ್, ಸೆನ್ಸರ್. ಸರ್ಟಿಫಿಕೇಟು ಕೊಟ್ಟವರು ಒಮ್ಮೆ ನಮ್ಮಂಥ ಗ್ಯಾರೇಜಿಗೆ ಬಂದು ನೋಡಿ ಹೋಗಿದ್ದರೆ ಚೆನ್ನಾಗಿತ್ತು.

ಆರು ತಿಂಗಳು ಅವನು ಗಲ್ಲಾಪೆಟ್ಟಿಗೆಯ ಹತ್ತಿರ ಸುಳಿಯುತ್ತಿರಲಿಲ್ಲ. ಗಿರಾಕಿ ದುಡ್ಡು ಕೊಟ್ಟರೆ ಕೈ ಹಿಂದಕ್ಕೆ ಕಟ್ಟಿಕೊಂಡು, "ಅಣ್ಣನ ಕೈಗೇ ಕೊಡಿ" ಎನ್ನುತ್ತಿದ್ದ. ಒಂದು ದಿನ ನನಗೆ ಜ್ವರ. ಶಟರಿನ ಕೀ ಅವನ ಕೈಗೆ ಕೊಟ್ಟು ಮನೆಗೆ ಹೋದೆ. ನಿಜ ಹೇಳುತ್ತೇನೆ, ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹೋದರೆ ಶಟರ್ ತೆಗೆದು ನೀರು ಚಿಮುಕಿಸಿ, ಹಿಂದಿನ ದಿನದ ಲೆಕ್ಕವನ್ನು ಸ್ಪಾರ್ಕ್ ಪ್ಲಗ್ಗಿನ ಖಾಲಿ ಡಬ್ಬಿಯ ಮೇಲೆ ಬರೆದಿಟ್ಟಿದ್ದ. ಇಪ್ಪತ್ತು ರೂಪಾಯಿ ಕಡಿಮೆ ಇತ್ತು. ಟೀ ಕುಡಿದದ್ದು ಎಂದು ಅದನ್ನೂ ಬರೆದಿದ್ದ.

ಮಂಡಳಿಯ ಮಾಜಿ ಸದಸ್ಯೆ:

ನಿಮ್ಮ ಬರಹವನ್ನು ಭಾವನಿಗೆ ಓದಿ ಹೇಳಿದೆ. "ಒಬ್ಬ ಒಳ್ಳೆಯ ಮೆಕ್ಯಾನಿಕ್ ಸಿಕ್ಕ ಮಾತ್ರಕ್ಕೆ..." ಎಂದು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದರು.

ಸಂಸ್ಥೆಯಿಂದ ಹದಿನೆಂಟಕ್ಕೆ ಹೊರಬರುವವರಿಗೆ 21ರವರೆಗೆ, ಅಗತ್ಯ ಬಿದ್ದರೆ 23ರವರೆಗೂ ಅನುಪಾಲನೆ, ಅಂದರೆ ಹೊರಬಂದ ಮೇಲಿನ ನೆರವು ಕೊಡಬಹುದು. ಮಕ್ಕಳ ರಕ್ಷಣೆಗೆಂದಿರುವ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅದಕ್ಕೆ ತಿಂಗಳಿಗೆ ₹4,000 ಇದೆ. ಹಳೆಯ ಪ್ರಕರಣ ನೌಕರಿಗೆ ಅಡ್ಡಿಯಾಗಬಾರದು ಎಂದು 24ನೇ ಕಲಂ ಹೇಳುತ್ತದೆ, ವಯಸ್ಕನಂತೆ ವಿಚಾರಣೆಯಾಗಿ ತಪ್ಪಿತಸ್ಥನೆಂದು ತೀರ್ಮಾನವಾದ 16 ದಾಟಿದವರಿಗೆ ಮಾತ್ರ ಈ ಅನುಕೂಲ ಇಲ್ಲ. ನನ್ನ ಮೂರು ವರ್ಷದಲ್ಲಿ ಅನುಪಾಲನೆಗೆ ನಾವು ಕಳಿಸಿದ ಹೆಸರುಗಳು ಒಂದು ಕೈಯ ಬೆರಳಿಗೆ ಮುಗಿಯುತ್ತವೆ. ಅರ್ಜಿ ಯಾರು ಬರೆಯಬೇಕು ಎಂಬುದೇ ತೀರ್ಮಾನವಾಗುತ್ತಿರಲಿಲ್ಲ. ಕಾಯ್ದೆಗೆ ಇನ್ನೊಂದು ತಿದ್ದುಪಡಿ ಬೇಕು ಎಂದು ನನಗೆ ಅನ್ನಿಸುವುದಿಲ್ಲ. ಜಿಲ್ಲೆಗೆ ಇನ್ನೂ ಮೂವರು ಪರಿವೀಕ್ಷಣಾಧಿಕಾರಿಗಳು, ಅವರಿಗೆ ಹಳ್ಳಿಗೆ ಹೋಗಿ ಬರಲು ಪೆಟ್ರೋಲಿನ ದುಡ್ಡು. ಇಷ್ಟು ಸಣ್ಣ ಬೇಡಿಕೆ, ಅದಕ್ಕೇ ಯಾರೂ ಧರಣಿ ಕೂರುವುದಿಲ್ಲ.

ಅಣ್ಣ:

ಎರಡು ದಿನದಿಂದ ಓದುತ್ತಿದ್ದೇನೆ. ಬರೆಯಬಾರದು ಎಂದುಕೊಂಡಿದ್ದೆ.

ನನ್ನ ತಮ್ಮನನ್ನು ಕೊಂದವರಲ್ಲಿ ಒಬ್ಬನಿಗೆ ಹದಿನೇಳು. ಜಾತ್ರೆಯಲ್ಲಿ ಶುರುವಾದ ಜಗಳ. ಉಳಿದ ಇಬ್ಬರ ಪ್ರಕರಣ ಸೆಷನ್ಸ್ ಕೋರ್ಟಿನಲ್ಲಿ, ನಾವು ಪ್ರತಿ ತಾರೀಖಿಗೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತೇವೆ. ಇವನದು ಬೇರೆ ಕಡೆ, ಮುಚ್ಚಿದ ಬಾಗಿಲ ಹಿಂದೆ. ಏನಾಯಿತು ಎಂದು ಕೇಳಿದರೆ "ಮಕ್ಕಳ ವಿಷಯ, ಹೇಳುವಂತಿಲ್ಲ" ಎಂದರು. ಅವನು ಹೊರಗೆ ಬಂದಿದ್ದಾನೆ ಎಂದು ನಮಗೆ ತಿಳಿದದ್ದು ಸಂತೆಯಲ್ಲಿ. ನಮ್ಮ ಅಮ್ಮ ಟೊಮೆಟೊ ಆರಿಸುತ್ತಿದ್ದಾಗ ಎದುರಿಗೇ ನಿಂತಿದ್ದ.

ಅವನ ಮನೆಗೆ ಅಧಿಕಾರಿ ಹೋಗಬೇಕು, ನೆರೆಹೊರೆಯವರನ್ನು ಮಾತನಾಡಿಸಬೇಕು, ಆಪ್ತಸಮಾಲೋಚನೆ, ತರಬೇತಿ ಎಂದೆಲ್ಲ ಬರೆದಿದ್ದೀರಿ. ಆಗಲಿ. ನಮ್ಮ ಮನೆಗೆ ಯಾರೂ ಬರಲಿಲ್ಲ. ಅವನನ್ನು ಗಲ್ಲಿಗೇರಿಸಿ ಎಂದು ನಾನು ಕೇಳುತ್ತಿಲ್ಲ. ನನ್ನ ತಮ್ಮನಿಗೂ ಆಗ ಹತ್ತೊಂಬತ್ತೇ. ಗ್ಯಾರೇಜಿನ ಅಣ್ಣ, ನಿಮ್ಮ ಹುಡುಗ ಏನು ಮಾಡಿ ಒಳಗೆ ಹೋಗಿದ್ದ ಎಂದು ನೀವು ಕೇಳಿದ್ದೀರಾ? ನನ್ನ ತಮ್ಮನನ್ನು ಕೊಂದವನೇ ಅವನಾಗಿದ್ದರೆ ಕೀ ಕೊಡುತ್ತಿದ್ದಿರಾ?

ಇಬ್ಬರು ಹೆಣ್ಣುಮಕ್ಕಳ ತಂದೆ:

ಇದಕ್ಕೆ ಯಾರಾದರೂ ಉತ್ತರಿಸಿ. ನನ್ನ ಬಳಿ ಇಲ್ಲ.

ಮಂಡಳಿಯ ಮಾಜಿ ಸದಸ್ಯೆ:

ನೀವು ಹೇಳಿದ್ದು ನಿಜ. ಸತ್ತವರ ಮನೆಯವರನ್ನು ನಾವು ಕರೆಯುತ್ತಿದ್ದದ್ದು ಸಾಕ್ಷಿ ಹೇಳುವ ದಿನ ಮಾತ್ರ. ಬಂದು ಹೇಳಿ ಸಹಿ ಹಾಕಿ ಹೋಗುತ್ತಿದ್ದರು. ಕಾಯಲು ಒಂದು ಬೆಂಚಿತ್ತು, ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಹುಡುಗನ ತಾಯಿ. ನಾನು ಪ್ರತಿಸಲ ಅದನ್ನು ನೋಡಿದ್ದೇನೆ. ಇನ್ನೊಂದು ಬೆಂಚು ಹಾಕಿಸಬೇಕು ಎಂದುಕೊಂಡದ್ದುಂಟು, ಅದಕ್ಕಿಂತ ಮುಂದಕ್ಕೆ ನನ್ನ ಯೋಚನೆ ಹೋಗಲಿಲ್ಲ. ಮಗುವಿನ ಗುಟ್ಟು ಬಿಟ್ಟುಕೊಡದೆಯೂ "ಇಂಥ ದಿನ ಬಿಡುಗಡೆಯಾಗುತ್ತದೆ" ಎಂದು ನಿಮಗೆ ಒಂದು ಮಾತು ಹೇಳಬಹುದಿತ್ತು. ನಿಮ್ಮ ತಾಯಿ ಸಂತೆಯಲ್ಲಿ ಅದನ್ನು ತಿಳಿಯಬೇಕಾಗಿರಲಿಲ್ಲ.

ಬೈಕ್ ಗ್ಯಾರೇಜಿನವ:

ತಮ್ಮಾ, ನೀವು ಕೇಳಿದ್ದನ್ನು ರಾತ್ರಿಯೆಲ್ಲ ಯೋಚಿಸಿದೆ. ಏನು ಮಾಡಿದ್ದ ಎಂದು ನಾನು ಕೇಳಿಲ್ಲ. ಕೇಳಿದರೆ ಕೆಲಸಕ್ಕೆ ಇಟ್ಟುಕೊಳ್ಳಲು ಆಗುವುದಿಲ್ಲವೇನೋ ಎಂಬ ಭಯ ನನಗೇ ಇತ್ತು. ನನ್ನ ಸ್ವಂತ ತಮ್ಮನನ್ನು ಕೊಂದವನಾಗಿದ್ದರೆ ಕೀ ಕೊಡುತ್ತಿರಲಿಲ್ಲ. ಗ್ಯಾರೇಜಿನ ಮುಂದೆ ನಿಲ್ಲಲೂ ಬಿಡುತ್ತಿರಲಿಲ್ಲ. ಬೇರೆ ಊರಿನಲ್ಲಿ, ಬೇರೆ ಯಾರಾದರೂ ಕೊಟ್ಟರೆ ಕೊಡಲಿ ಎನ್ನುವಷ್ಟಾದರೂ ಮನಸ್ಸು ನನಗೆ ಇರುತ್ತಿತ್ತೋ ಇಲ್ಲವೋ, ಗೊತ್ತಿಲ್ಲ.

ಅಣ್ಣ:

ಬೇರೆ ಊರಿನಲ್ಲಿ ಎಂದಿರಲ್ಲ, ಅದು ಸರಿ. ಅವನು ಬೇರೆ ಊರಿನಲ್ಲಿ ದುಡಿದು ತಿನ್ನಲಿ. ಅಮ್ಮ ಸಂತೆಗೆ ಹೋಗುವುದನ್ನೇ ಬಿಟ್ಟಿದ್ದಾರೆ.

ನಿವೃತ್ತ ಪಿಎಸ್‌ಐ:

ಯಾವ ತಾಲ್ಲೂಕು ಎಂದು ಇಲ್ಲಿ ಬರೆಯಬೇಡಿ. ನನಗೆ ಖಾಸಗಿಯಾಗಿ ತಿಳಿಸಿ. ಸೆಷನ್ಸ್ ಪ್ರಕರಣದ ಸಾಕ್ಷಿಗಳ ವಿಷಯದಲ್ಲಿ ಏನಾದರೂ ತೊಂದರೆ ಇದ್ದರೆ ಅಲ್ಲಿ ನನ್ನ ಬ್ಯಾಚಿನವರು ಇನ್ನೂ ಸೇವೆಯಲ್ಲಿದ್ದಾರೆ.

ಬೈಕ್ ಗ್ಯಾರೇಜಿನವ:

ಮೇಡಂ, ಒಂದು ವಿಷಯ. ಹುಡುಗ ಈಗ ಸ್ವಂತ ಅಂಗಡಿ ಹಾಕುವ ಯೋಚನೆಯಲ್ಲಿದ್ದಾನೆ, ಮುಂದಿನ ಯುಗಾದಿಗೆ ಹೋಗುತ್ತಾನೆ. ನನ್ನಲ್ಲಿ ಒಂದು ಜಾಗ ಖಾಲಿಯಾಗುತ್ತದೆ. ಹದಿನೆಂಟು ತುಂಬಿದವನು ಯಾರಾದರೂ ಇದ್ದರೆ ಕಳಿಸಬಹುದು, ಪಾನಾ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಯಾವ ಕಚೇರಿಯಲ್ಲಿ ಹೇಳಬೇಕು?

ಮಂಡಳಿಯ ಮಾಜಿ ಸದಸ್ಯೆ:

ನಿಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ಮರೆತುಬಿಡುತ್ತಾರೆ. ಬಿಳಿ ಹಾಳೆಯಲ್ಲಿ ಎರಡು ಪ್ರತಿ ಬರೆದುಕೊಂಡು ಹೋಗಿ, ಒಂದನ್ನು ಕೊಟ್ಟು ಇನ್ನೊಂದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ತಾರೀಖು ಸರಿಯಾಗಿ ಬಿದ್ದಿದೆಯೇ ಎಂದು ಅಲ್ಲೇ ನಿಂತು ನೋಡಿ.